ಏಳು ಚಂದ್ರರ ಶೇರಾ ಬುಕ್ಕು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಇಬ್ಬರು ಮೂವರಿಗೆ ಬೈಯುವವಳಿದ್ದೇನೆ. ಅದರಲ್ಲಿ ಒಬ್ಬರಿಗೆ ಬೈದದ್ದು ಪೂರಾ ನನ್ನ ತಪ್ಪು.

೨೦೦೪ರ ಮಾತು. ಜತ್ತದ ಬಸ್ ಸ್ಟ್ಯಾಂಡಿನ ಹಿಂದೆ, ಸೈಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮಣ್ಣ ಅಮಜದ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಆರು ಕಂಪ್ಯೂಟರು, ಕಿರ್ರೋ ಎಂದು ಅರಚುವ ಒಂದು ಹಳೆಯ ಪ್ರಿಂಟರು, ಕಲಿಸಲಿಕ್ಕೆ ರುಬಿನಾ ಎಂಬ ನಾನು. ಟೈಪಿಂಗು, ಅರ್ಜಿ ಬರೆಯುವುದು, ಕೋಷ್ಟಕ ಮಾಡುವುದು ನಾನು ಕಲಿಸುತ್ತಿದ್ದೆ. ಉಳಿದ ಹೊತ್ತಿಗೆಲ್ಲ ಕಾಲೇಜಿನ ಹುಡುಗರು ತಾಸಿನ ಬಾಡಿಗೆಯ ಮೇಲೆ ಕಂಪ್ಯೂಟರ್ ಹಿಡಿದು "ಸೆವೆನ್ ಮೂನ್ಸ್" ಆಡುತ್ತಿದ್ದರು.

ಆಟದ ಸಿ.ಡಿ.ಯನ್ನು ಅಮಜದ ಪುಣೆಯಿಂದ ತಂದಿದ್ದ. ಊರವರ ಬಾಯಲ್ಲಿ ಅದು "ಏಳು ಚಂದ್ರ" ಆಯಿತು. ಆಡದವರಿಗೆ ತಿಳಿಯುವಂತೆ ಹೇಳುತ್ತೇನೆ. ಕಪ್ಪು ಆಕಾಶ, ಅದರಲ್ಲಿ ಏಳು ಚಂದ್ರ. ಒಂದು ಮೂಲೆಗೆ ನಿಮ್ಮ ದೊಡ್ಡ ಹಡಗು, ಇನ್ನೊಂದು ಮೂಲೆಗೆ ಎದುರಿನವನದು. ಈ ದೊಡ್ಡ ಹಡಗಿಗೆ ಹುಡುಗರು "ತಾಯಿ" ಅನ್ನುತ್ತಿದ್ದರು. ಚಂದ್ರರ ಮೇಲೆ ಅದಿರು ಅಗೆದು ತರಬೇಕು, ಅದರಿಂದ ಕಾದಾಡುವ ಸಣ್ಣ ಹಡಗು ಕಟ್ಟಬೇಕು, ಎದುರಿನವನ ತಾಯಿಯನ್ನು ಒಡೆಯಬೇಕು. ಪಗಡೆಯ ಹಾಗೆ ನಿನ್ನ ಸರದಿ, ನನ್ನ ಸರದಿ ಎಂದೇನೂ ಇಲ್ಲ. ಇಬ್ಬರದೂ ಒಂದೇ ಹೊತ್ತಿಗೆ ನಡೆಯುತ್ತಿರುತ್ತದೆ. ನೀವು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಅವನು ಹತ್ತು ಹಡಗು ಕಳಿಸಿರುತ್ತಾನೆ.

ಇನ್ನು ನಮ್ಮ ಅಬ್ಬಾ, ಅಮೀನಸಾಬ. ಶಿಕ್ಷಣ ಖಾತೆಯ ಆಫೀಸಿನಲ್ಲಿ ಮೂವತ್ತು ವರ್ಷ ಶಿಪಾಯಿಯಾಗಿ, ಸಾಹೇಬರ ಹಿಂದೆ ಶಾಲೆಯಿಂದ ಶಾಲೆಗೆ ತಿರುಗಿದವರು. ಸಾಹೇಬರು ಯಾವ ಶಾಲೆಗೆ ಹೋದರೂ ಮೊದಲು ಶೇರಾ ಬುಕ್ಕು ಕೇಳುತ್ತಿದ್ದರು. ನೋಡಿಹೋದವರು ತಮ್ಮ ಅಭಿಪ್ರಾಯ ಬರೆಯುವ ಪುಸ್ತಕ ಅದು. "ಗೋಡೆಗೆ ಸುಣ್ಣ ಹಚ್ಚಬೇಕು" ಎಂದು ಶೇರಾ ಬಿದ್ದರೆ ಸುಣ್ಣ ಹಚ್ಚಿ, ಕೆಳಗೆ "ಪೂರ್ತತಾ ಮಾಡಲಾಗಿದೆ" ಎಂದು ಬರೆದು ಸಹಿ ಮಾಡಬೇಕು. ಬರೆದದ್ದನ್ನು ಮಾಡದೆ ಬಿಟ್ಟ ಹೆಡ್‌ಮಾಸ್ತರರು ಸಾಹೇಬರ ಮುಂದೆ ತಲೆ ಕೆರೆದುಕೊಂಡು ನಿಲ್ಲುವುದನ್ನು ಅಬ್ಬಾ ಮೂವತ್ತು ವರ್ಷ ನೋಡಿದ್ದರು. ನಿವೃತ್ತಿಯಾದ ಮೇಲೆ ಕ್ಲಾಸಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಶೇರಾ ಬುಕ್ಕಿಲ್ಲದ ಸಂಸ್ಥೆಯನ್ನು ಅವರ ಜೀವ ಒಪ್ಪಲಿಲ್ಲ. ದಪ್ಪ ರಿಜಿಸ್ಟರ್ ತಂದು, ಕಂದು ಕಾಗದದ ಹೊದಿಕೆ ಹಾಕಿ, "ಏಳು ಚಂದ್ರ: ಆಟಗಾರರ ಶೇರಾ" ಎಂದು ಬರೆದು, ದಾರ ಕಟ್ಟಿ ಪೆನ್ನು ತೂಗಬಿಟ್ಟರು.

ಹುಡುಗರಿಗೆ ಇಷ್ಟು ಸಿಕ್ಕರೆ ಸಾಕಿತ್ತು. ಪರೀಕ್ಷೆಯಲ್ಲಿ ಅರ್ಧ ಪುಟ ಬರೆಯಲು ಒದ್ದಾಡುವವರು ಇಲ್ಲಿ ಮುಂಗೈ ನೋಯುವಂತೆ ಬರೆದರು. ಮೋಟಾರ್ ವೈಂಡಿಂಗ್ ಮಾಡುವ ಸಾಜಿದ ಬರೆದ: "ಆಕಾಶ ಭಾಳ ಕಪ್ಪ ಐತಿ. ಹಡಗ ಕಾಣಸೂದಿಲ್ಲ. ಹಗಲಿನ ವ್ಯವಸ್ಥಾ ಆಗಬೇಕು." ಅಬ್ಬಾ ಆರೂ ಪರದೆಗಳ ಬೆಳಕು ಹೆಚ್ಚು ಮಾಡಿಸಿ, ಕೆಳಗೆ ಪೂರ್ತತಾ ಬರೆದರು. ಇನ್ನೊಬ್ಬ, "ಆಟದಾಗಿನ ಹಳದಿ ಪಕ್ಷದ ಹೆಣ್ಣಮಗಳ ಧ್ವನಿ ಚಲೋ ಐತಿ, ಏನ ಅಂತಾಳ ಒಂದೂ ತಿಳಿಯೂದಿಲ್ಲ" ಎಂದು ಬರೆದ. ಅದಕ್ಕೆ ಅಬ್ಬಾ, "ವಿಚಾರಾಧೀನ" ಎಂದು ಬರೆದಿಟ್ಟರು. "ಮೂರನೇ ಕುರ್ಚಿ ಚುಚ್ಚತದ" ಎಂಬುದನ್ನು ಮಾತ್ರ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, "ಆಟಕ್ಕೆ ಸಂಬಂಧವಿಲ್ಲ" ಎಂದರು. ಕುರ್ಚಿ ಈಗಲೂ ಚುಚ್ಚುತ್ತದೆ.

ಬಾಲಗಾಂವದಿಂದ ಬರುತ್ತಿದ್ದ ಸೋಮನಿಂಗಪ್ಪನ ಶೇರಾ ನನಗೆ ಇಷ್ಟವಾದದ್ದು: "ಬರಾಕ ಬಸ್ಸಿನ್ಯಾಗ ಒಂದ ತಾಸು, ಸಾಯಾಕ ಐದ ಮಿನಿಟು. ಹೊಸಬರಿಗಿ ಕೂಡಾಕರೆ ಬಿಡ್ರಿ." ಅಬ್ಬಾ ಗೋಡೆಗೆ ಬೋರ್ಡು ಬರೆಸಿ ಹಾಕಿದರು: "ಹೊಸಬರನ್ನು ಮೊದಲ ಹದಿನೈದು ನಿಮಿಷ ಹೊಡೆಯಬಾರದು."

ಎಲ್ಲರಿಗಿಂತ ಹೆಚ್ಚು ಬರೆಯುತ್ತಿದ್ದವನು ಕಲ್ಮೇಶ. ಬಿ.ಕಾಂ. ಎರಡನೇ ವರ್ಷ, ಉದ್ದ ಕೈ, ಅದಕ್ಕಿಂತ ಉದ್ದ ನಾಲಿಗೆ. ಜತ್ತದಲ್ಲಿ ಅವನನ್ನು ಸೋಲಿಸಿದವರು ಇರಲಿಲ್ಲ. ಆಟದಲ್ಲಿ ಒಂದು ಗ್ಯಾರೇಜೂ ಇತ್ತು. ಪೆಟ್ಟು ತಿಂದ ಹಡಗನ್ನು ಅಲ್ಲಿಗೆ ಕಳಿಸಿದರೆ ರಿಪೇರಿ ಆಗಿ ಬರುತ್ತದೆ. ಅದರ ಬಗ್ಗೆ ಕಲ್ಮೇಶ ಹದಿನಾಲ್ಕನೇ ಪುಟದಲ್ಲಿ ಬರೆದಿದ್ದ: "ಗ್ಯಾರೇಜ ಕಟ್ಟೂದು ದಂಡ. ಕೆಟ್ಟ ಹಡಗ ಸಾಯಲಿ, ಹೊಸಾದ ಮಾಡ್ರಿ." ಕೆಳಗೆ ಒಂಬತ್ತು ಜನ "ಸಹಮತ" ಎಂದು ಸಹಿ ಮಾಡಿದ್ದರು.

ಒಮ್ಮೆ ನಿವೃತ್ತ ಮಾಸ್ತರರಾದ ಶಿದ್ರಾಯ ಅವರು ಮೆಟ್ಟಿಲು ಹತ್ತಿ ಬಂದು, ಐದು ನಿಮಿಷ ನಿಂತು ನೋಡಿ, "ಈ ಆಟದಿಂದ ಹುಡುಗರು ಹಾಳಾಗುತ್ತಾರೆ, ಬಂದ್ ಮಾಡಬೇಕು" ಎಂದು ಶೇರಾ ಬರೆದು ಇಳಿದುಹೋದರು. ಶೇರಾ ಎಂದರೆ ಶೇರಾ. ಅಬ್ಬಾ ಎರಡು ದಿನ ಆಟ ಬಂದ್ ಇಟ್ಟರು. ಕಲ್ಮೇಶ ಬಂದು ವಾದ ಹೂಡಿದ: "ಚಾಚಾ, ಆಡದವ್ರ ಶೇರಾ ಹೆಂಗ ನಡೀತದ್ರಿ? ಊಟಾ ಮಾಡದವ್ರು ಉಪ್ಪ ಕಮ್ಮಿ ಐತಿ ಅಂದಂಗಾತು." ಅಬ್ಬಾಗೆ ಅದು ಸರಿ ಎನಿಸಿತು. ಅಂದಿನಿಂದ ಮೊದಲ ಪುಟದಲ್ಲಿ ನಿಯಮ ಬಂತು: "ಒಂದು ಆಟ ಪೂರ್ಣ ಆಡಿ ಮುಗಿಸಿದವರೇ ಶೇರಾ ಬರೆಯತಕ್ಕದ್ದು." ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ನನ್ನ ಹೊಟ್ಟೆ ಉರಿಸಿದ್ದು ಇದೇ.

ಜನವರಿಯಲ್ಲಿ ನನ್ನ ಕ್ಲಾಸಿಗೆ ಆರು ಹೆಂಗಸರು ಬಂದರು. ಡಫಳಾಪುರದ ರಸ್ತೆಗೆ ಒಣದ್ರಾಕ್ಷಿಯ ಶೆಡ್ಡೊಂದಿದೆ. ಅಲ್ಲಿ ಬೆಲ್ಟಿನ ಮೇಲೆ ದ್ರಾಕ್ಷಿ ಹರಿದುಬರುತ್ತದೆ, ಎರಡೂ ಕಡೆ ಹೆಂಗಸರು ನಿಂತು ಕಪ್ಪಾದದ್ದು, ಒಡೆದದ್ದು, ಕಡ್ಡಿ ಆರಿಸಿ ತೆಗೆಯುತ್ತಾರೆ. ಶೆಡ್ಡಿನ ಕಡೆ ದಿನಾ ಎರಡರಿಂದ ನಾಲ್ಕರವರೆಗೆ ಲೋಡ್‌ಶೆಡ್ಡಿಂಗು. ಬೆಲ್ಟು ನಿಲ್ಲುತ್ತಿತ್ತು, ಹೆಂಗಸರು ಖಾಲಿ ಕೂಡುತ್ತಿದ್ದರು. ನಮ್ಮ ಪೇಟೆಯಲ್ಲಿ ಕರೆಂಟು ಹೋಗುತ್ತಿದ್ದದ್ದು ನಾಲ್ಕಕ್ಕೆ, ಬರುತ್ತಿದ್ದದ್ದು ರಾತ್ರಿಗೇ. ಹಾಗಾಗಿ ಎರಡರಿಂದ ನಾಲ್ಕರವರೆಗೆ ಅವರಿಗಾಗಿಯೇ ಬ್ಯಾಚು ಮಾಡಿದೆ.

ಅವರನ್ನು ಕರೆತಂದವಳು ಅವರ ಮುಕಾದಮ ಸಾವಿತ್ರೆವ್ವ. ಅಂದರೆ ಕೆಲಸದವರ ಮುಂದಾಳು. ನಲವತ್ತೈದರ ಹೆಂಗಸು, ನಾಲ್ಕನೇ ಇಯತ್ತೆ ಕನ್ನಡ ಶಾಲೆ, ಮಾತು ಕಡಿಮೆ, ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಮೊದಲ ದಿನವೇ ತನಗೆ ಬೇಕಾದದ್ದನ್ನು ಹೇಳಿಬಿಟ್ಟಳು. ದ್ರಾಕ್ಷಿಯ ಪ್ರತಿ ಡಬ್ಬಿಗೂ ಒಂದು ಚೀಟಿ ಹಚ್ಚುತ್ತಾರೆ. ಬೆಳೆದವರು ಇಂಥವರು, ತೂಗಿದವರು ಇಂಥವರು ಎಂದು ಹೆಸರಿರುತ್ತದೆ. "ಆರಿಸಿದವರು" ಎಂಬಲ್ಲಿ ಮಾತ್ರ ಗುಮಾಸ್ತ "ಮಹಿಳಾ ಕಾಮಗಾರ" ಎಂದಷ್ಟೇ ಟೈಪು ಹೊಡೆದು ಬಿಡುತ್ತಾನೆ.

"ಹದಿನೆಂಟ ವರ್ಷಾತ್ರಿ ಬಾಯಾರ," ಎಂದಳು ಸಾವಿತ್ರೆವ್ವ. ಕಲಿಸುವ ಹೆಂಗಸಿಗೆ ನಮ್ಮ ಕಡೆ ಬಾಯಾರು ಅನ್ನುತ್ತಾರೆ. "ಒಂದ ಡಬ್ಬಿ ಮ್ಯಾಗೂ ನನ್ನ ಹೆಸರಿಲ್ಲ. ಮಾಲಕರಿಗಿ ಕೇಳಿದೆ. ಚೀಟಿ ಹೊಡಿಯಾಕ ಬಂದ್ರ ನೀನ ಹೊಡಿ, ಯಾವ ಹೆಸರ ಬೇಕಾದ್ರೂ ಹಾಕು ಅಂದಾರ."

ಆ ಮಾತು ನನ್ನ ಎದೆಗೆ ನಾಟಿತು. ಇವರಿಗೆ ಟೈಪಿಂಗ್ ಕಲಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಹಟ ತೊಟ್ಟೆ. ಆರು ಜನರಲ್ಲಿ ಚಂದ್ರಾಬಾಯಿಯ ಬೆರಳು ಎಲ್ಲರಿಗಿಂತ ಬೇಗ ಓಡಿತು. ಸಾವಿತ್ರೆವ್ವನದು ನಿಧಾನ, ಒಂದೊಂದೇ ಅಕ್ಷರ, ಆದರೆ ತಪ್ಪಿದ್ದನ್ನು ಬಿಟ್ಟು ಮುಂದೆ ಹೋಗುತ್ತಿರಲಿಲ್ಲ.

ಫೆಬ್ರುವರಿ ಮೂರನೇ ವಾರ ಶೇರಾ ಬುಕ್ಕಿನಲ್ಲಿ ಕಲ್ಮೇಶನ ಅಕ್ಷರ ಕಂಡಿತು: "ಮಧ್ಯಾಹ್ನ ಎರಡರಿಂದ ನಾಲ್ಕು ಹೆಣ್ಣುಮಕ್ಕಳ ಬ್ಯಾಚಿನಿಂದ ಆಟಗಾರರಿಗೆ ಅಡಚಣಿ. ಮುಂಜಾನೆ ಕಾಲೇಜು, ನಾಲ್ಕಕ್ಕೆ ಕರೆಂಟ್ ಹೋಗುತ್ತದೆ. ನಾವು ಆಡುವುದು ಯಾವಾಗ? ಬ್ಯಾಚ್ ಬಂದ್ ಮಾಡಬೇಕು." ಹನ್ನೊಂದು ಸಹಿ.

ನಾನು ಬುಕ್ಕು ಹಿಡಿದುಕೊಂಡು ಅಬ್ಬಾನ ಮುಂದೆ ನಿಂತೆ. ಮನೆಯಲ್ಲಿ ನಾವು ದಖನಿ ಮಾತಾಡುತ್ತೇವೆ, ಜಗಳಕ್ಕೆ ಮಾತ್ರ ಕನ್ನಡ.

"ಇದನ್ನೂ ಪೂರ್ತತಾ ಮಾಡವ್ರೇನ್ರಿ?"

"ಶೇರಾ ಬಿದ್ದೈತಿ. ಒಂದನೇ ತಾರೀಖಿಗಿ ಮಾಡಬೇಕು," ಎಂದರು ಅಬ್ಬಾ.

"ಹಂಗಾದ್ರ ನನ್ನ ಬ್ಯಾಚಿನವ್ರ ಮಾತಿಗಿ ಬೆಲಿ ಇಲ್ಲೇನ್ರಿ?"

"ಬೆಲಿ ಐತಿ. ಶೇರಾ ಇಲ್ಲ. ಅವ್ರೂ ಎದರ ಶೇರಾ ಬರೀಲಿ, ಎರಡೂ ತೂಗಿ ನೋಡತೀನಿ."

"ಹಂಗಾದ್ರ ಇವತ್ತ ಬರಸ್ತೀನಿ!"

"ಒಂದ ಆಟ ಮುಗಿಸಿರಬೇಕು," ಎಂದು ಅಬ್ಬಾ ಮೊದಲ ಪುಟ ತೆರೆದು ತೋರಿಸಿದರು. ನಾನು ಅಮಜದನ ಮುಖ ನೋಡಿದೆ. ಅವನು ಯಾವುದೋ ವೈರು ಹುಡುಕುವವನಂತೆ ಮೇಜಿನ ಕೆಳಗೆ ಸೇರಿಕೊಂಡ. ಅವನಿಗೂ ಒಂದಿಷ್ಟು ಬೈದೆ, ಮೇಜಿಗೆ ಕೇಳಿಸಿರಬಹುದು.

ಸಿಟ್ಟಿನಲ್ಲಿದ್ದರೂ ನನ್ನ ತಲೆ ಓಡುತ್ತದೆ. ನಿಯಮದಲ್ಲಿ ಆಟ ಮುಗಿಸಬೇಕು ಎಂದಿದೆ, ಗೆಲ್ಲಬೇಕು ಎಂದಿಲ್ಲ! ಒಬ್ಬಳು ಕಲ್ಮೇಶನ ಎದುರು ಕೂತು ಹದಿನೈದು ನಿಮಿಷದ ರಕ್ಷಣೆ ಮುಗಿದ ಕೂಡಲೇ ಸೋತರೆ ಆಯಿತು. ಅವಳು ಶೇರಾ ಬರೆಯುತ್ತಾಳೆ, ಉಳಿದವರೂ ಒಬ್ಬೊಬ್ಬರಾಗಿ ಸೋತು ಸಹಿ ಮಾಡುತ್ತಾರೆ. ಶನಿವಾರ, ಇಪ್ಪತ್ತೆಂಟನೇ ತಾರೀಖಿಗೆ ಆಟ ಗೊತ್ತು ಮಾಡಿದೆ. ಸೋಲಲಿಕ್ಕೆ ಜನ ಬರುತ್ತಾರೆಂದರೆ ಕಲ್ಮೇಶ ಬೇಡ ಎನ್ನುತ್ತಾನೆಯೇ? ನಕ್ಕು ಒಪ್ಪಿದ.

ಮೊದಲು ಸಾವಿತ್ರೆವ್ವ ಕೂಡುವುದೆಂದಾಯಿತು. ಎರಡು ದಿನ ಮೌಸು ಹಿಡಿಯುವುದು, ಹಡಗು ಕಳಿಸುವುದು ತೋರಿಸಿದೆ. ನಗುವುದಕ್ಕೆಂದು ಶೇರಾ ಬುಕ್ಕಿನಿಂದ ಹುಡುಗರ ಶೇರಾಗಳನ್ನೂ ಓದಿ ಹೇಳಿದೆ. ಕಪ್ಪು ಆಕಾಶದ ಶೇರಾಕ್ಕೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಹದಿನಾಲ್ಕನೇ ಪುಟಕ್ಕೆ ಮಾತ್ರ ಸಾವಿತ್ರೆವ್ವ ನಗಲಿಲ್ಲ.

"ರಿಪೇರಿ ಆಗೂದನ್ನ ಯಾಕ ಒಗಿತಾರ್ರಿ?" ಎಂದು ಕೇಳಿದಳು.

"ಹುಡುಗ್ರು, ಬಿಡ್ರಿ. ನೀವು ಹೆಂಗೂ ಸೋಲೂದ ಐತಿ."

ಶನಿವಾರ ಎರಡಕ್ಕೆ ಮಾಳಿಗೆ ತುಂಬಿತ್ತು. ಒಂದನೇ ಕಂಪ್ಯೂಟರಿಗೆ ಸಾವಿತ್ರೆವ್ವ, ಸೆರಗು ಸೊಂಟಕ್ಕೆ ಬಿಗಿದು. ಆರನೆಯದಕ್ಕೆ ಕಲ್ಮೇಶ, ಬಾಯಲ್ಲಿ ಸೀಟಿ. ಅಬ್ಬಾ ಗಡಿಯಾರ ನೋಡಿ, "ಹೂಂ, ನಡೀಲಿ" ಎಂದರು. ಎರಡೂಕಾಲಿಗೆ ರಕ್ಷಣೆ ಮುಗಿಯಿತು, ಕಲ್ಮೇಶನ ಹತ್ತು ಹಡಗು ಬಂದವು. ಹುಡುಗರು ಹೋ ಎಂದರು. ನಾನು ಪೆನ್ನಿನ ದಾರ ಬಿಚ್ಚಿ ಸಿದ್ಧಳಾದೆ.

ಆ ಹತ್ತು ಹಡಗಿನಿಂದ ಸಾವಿತ್ರೆವ್ವನ ತಾಯಿಗೆ ಏನೂ ಆಗಲಿಲ್ಲ. ಬಗ್ಗಿ ನೋಡಿದೆ. ಅವಳು ಮೊದಲ ಹದಿನೈದು ನಿಮಿಷದಲ್ಲಿ ಗ್ಯಾರೇಜು ಕಟ್ಟಿಬಿಟ್ಟಿದ್ದಳು. ಪೆಟ್ಟು ಬಿದ್ದ ಹಡಗಿನ ಮೇಲೆ ಆಟದಲ್ಲಿ ಒಂದು ಸಣ್ಣ ಕೆಂಪು ಗೆರೆ ಬರುತ್ತದೆ. ಅವಳು ಯುದ್ಧದ ಕಡೆ ನೋಡುತ್ತಲೇ ಇರಲಿಲ್ಲ. ಕೆಂಪು ಗೆರೆ ಕಂಡಲ್ಲಿ ಮೌಸು, ಟಕ್, ಗ್ಯಾರೇಜಿಗೆ. ಇನ್ನೊಂದು ಕೆಂಪು, ಟಕ್, ಗ್ಯಾರೇಜಿಗೆ. ಟೈಪಿಂಗಿನಲ್ಲಿ ಆಮೆಯಾಗಿದ್ದ ಅದೇ ಕೈ ಇಲ್ಲಿ ನನ್ನ ಕಣ್ಣಿಗೂ ಸಿಗುತ್ತಿರಲಿಲ್ಲ.

"ಹೆಂಗ ಕಾಣಸ್ತಾವ್ರಿ ನಿಮಗ ಅಷ್ಟ ಲಗೂನ?" ಎಂದೆ.

"ಬೆಲ್ಟ ಇದ್ದಂಗ ಐತ್ರಿ ಇದು. ಚಲೋವ್ನ ನೋಡಬಾರದು, ಕಣ್ಣ ದಣಿತಾವ. ಕೆಟ್ಟವ್ನ ಅಷ್ಟ ಹಿಡಿಬೇಕು," ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಕಲ್ಮೇಶ ಮತ್ತೆ ಹತ್ತು ಕಳಿಸಿದ, ಮತ್ತೆ ಇಪ್ಪತ್ತು. ಅವನ ಕೆಟ್ಟ ಹಡಗು ಅವನೇ ಬರೆದ ಹಾಗೆ ಸತ್ತವು, ಹೊಸದು ಮಾಡಿದ. ಇವಳ ಕೆಟ್ಟವು ಹೋಗಿ, ಒರೆಸಿಟ್ಟ ತಾಟಿನಂತೆ ತಿರುಗಿ ಬಂದವು. ಮೂರು ಗಂಟೆಗೆ ಅವನ ಸೀಟಿ ನಿಂತಿತು. ನಾನು ಸಾವಿತ್ರೆವ್ವನ ಕಿವಿಯಲ್ಲಿ, "ಸೋಲೂದು ಮರತೀರೇನು? ಉಳದವ್ರೂ ಕೂಡಬೇಕಲ್ಲ," ಎಂದು ನೆನಪು ಮಾಡಿದೆ.

"ಯಾಕ ಸೋಲ್ಲಿ? ಇನ್ನೂ ಏನೂ ಕೆಟ್ಟಿಲ್ಲ," ಎಂದಳು.

ಅಲ್ಲಿಗೆ ನನ್ನ ಉಪಾಯ ಮೂಲೆಗೆ ಬಿತ್ತು. ನಿಜ ಹೇಳಬೇಕೆಂದರೆ ನನಗೂ ಬೇಡವಾಗಿತ್ತು. ಸೋಲಬೇಕೆಂದು ಬಂದವಳು ಗೆಲ್ಲುತ್ತಿದ್ದಳು. ಚಂದ್ರಾಬಾಯಿ, ಚನ್ನವ್ವ ಎಲ್ಲ ಕುರ್ಚಿ ಬಿಟ್ಟು ಅವಳ ಹಿಂದೆ ನಿಂತರು. ಹುಡುಗರಲ್ಲಿ ಅರ್ಧಕ್ಕರ್ಧ ಕಲ್ಮೇಶನನ್ನು ಬಿಟ್ಟು ಈ ಕಡೆ ಬಂದರು. ಮೂರೂವರೆಗೆ ಏಳೂ ಚಂದ್ರರ ಮೇಲಿನ ಅದಿರು ತೀರಿತು. ಇನ್ನು ಹೊಸ ಹಡಗು ಕಟ್ಟಲು ಇಬ್ಬರಿಗೂ ಏನಿಲ್ಲ. ಇವಳ ಹತ್ತಿರ ಮೂವತ್ತೊಂದು ಹಡಗು. ಅವನ ಹತ್ತಿರ ಬರೀ ತಾಯಿ ಮತ್ತು ಎರಡು ಹಡಗು.

ಮೂರು ಐವತ್ತೈದು. ಕರೆಂಟು ನಾಲ್ಕಕ್ಕೆ ಹೋಗುತ್ತದೆ, ಉಳಿದದ್ದೇನು ತಪ್ಪಿದರೂ ಅದು ತಪ್ಪುವುದಿಲ್ಲ. ಯು.ಪಿ.ಎಸ್. ಬ್ಯಾಟರಿ ಬದಲಿಸುತ್ತೇನೆ ಎಂದು ಅಮಜದ ವರ್ಷದಿಂದ ಹೇಳುತ್ತಲೇ ಇದ್ದ.

"ಹೊಡೀರಿ ಸಾವಿತ್ರೆವ್ವಾರ! ಎಲ್ಲಾ ಕಳಸ್ರಿ, ಅವನ ತಾಯೀನ ಒಡೀರಿ!" ಎಂದು ಕೂಗಿದೆ.

"ತಡೀರಿ. ಇನ್ನೂ ಆರು ಕೆಟ್ಟಾವ."

"ಇರಲಿ ಬಿಡ್ರಿ! ಇಪ್ಪತ್ತೈದು ಸಾಕು!"

ಟಕ್, ಗ್ಯಾರೇಜಿಗೆ. ಟಕ್, ಗ್ಯಾರೇಜಿಗೆ. ಮೂರು ಐವತ್ತೆಂಟು. ಈಗ ಇಡೀ ಮಾಳಿಗೆಯೇ ಹೊಡೀರಿ ಎಂದು ಕೂಗುತ್ತಿತ್ತು, ಅಬ್ಬಾ ಕೂಡ ಎದ್ದು ನಿಂತಿದ್ದರು. ಸಾವಿತ್ರೆವ್ವನಿಗೆ ಒಂದೂ ಕೇಳಿಸಲಿಲ್ಲ.

"ಇನ್ನೂ ಎರಡು ಕೆಟ್ಟಾವ," ಎಂದಳು.

ಫ್ಯಾನು ನಿಂತಿತು. ಯು.ಪಿ.ಎಸ್. ಒಂದು ಸಲ ಕುಂಯ್ ಎಂದಿತು. ಆರೂ ಪರದೆ ಒಟ್ಟಿಗೆ ಕಪ್ಪಾದವು.

ಅಬ್ಬಾ ಮೆಲ್ಲಗೆ ಕೂತು, "ಆಟ ಮುಗಿದಿಲ್ಲ" ಎಂದರು. ಅಂದರೆ ಶೇರಾ ಇಲ್ಲ, ಸಹಿ ಇಲ್ಲ, ಸೋಮವಾರ ಒಂದನೇ ತಾರೀಖು. ಆಗ ನಾನು ಬೈದೆ.

"ಇದು ದ್ರಾಕ್ಷಿ ಅಲ್ರಿ! ಎರಡ ಕೆಟ್ಟಿದ್ರ ಏನ ಮುಳಗತಿತ್ತು? ಗೆಲ್ಲೂದೂ ಬಿಟ್ರಿ, ಸೋಲೂದೂ ಬಿಟ್ರಿ. ನಿಮ್ಮ ಹಟಕ್ಕ ಆರೂ ಮಂದಿ ಕಲಿಯೂದು ಮಣ್ಣಾತು!"

ಸಾವಿತ್ರೆವ್ವ ಮೌಸನ್ನು ಅದರ ಜಾಗದಲ್ಲಿಟ್ಟಳು. ಅವಳ ಮುಖ ಸಣ್ಣದಾಗಿತ್ತು.

"ಕೆಟ್ಟದ್ದ ಇಟಗೊಂಡ ಡಬ್ಬಿ ಮುಚ್ಚಿದಾಕಿ ಅಲ್ರಿ ನಾ. ನನಗೂ ಗೊತ್ತಾತ್ರಿ, ಹೊತ್ತಾತಂತ. ಕೈ ಕೇಳಲಿಲ್ಲ, ಬಾಯಾರ," ಎಂದಳು. ನಾಲ್ಕಕ್ಕೆ ಅಲ್ಲಿ ಬೆಲ್ಟು ಶುರುವಾಗುತ್ತದೆ ಎಂದು ಐವರನ್ನೂ ಕರೆದುಕೊಂಡು ಮೆಟ್ಟಿಲಿಳಿದು ಹೋದಳು.

ಆ ವರ್ಷ ಫೆಬ್ರುವರಿಗೆ ಇಪ್ಪತ್ತೊಂಬತ್ತು ದಿನ. ಆ ಹೆಚ್ಚಿನ ದಿನ ಭಾನುವಾರವಾಗಿತ್ತು. ಅದನ್ನು ನಾನು ಪೂರಾ ನಾಚಿಕೆಯಲ್ಲಿ ಕಳೆದೆ. ಹದಿನೆಂಟು ವರ್ಷ ಒಂದೇ ಒಂದು ಕೆಟ್ಟ ದ್ರಾಕ್ಷಿಯನ್ನು ಬಿಡದ ಕೈಗೆ, ಐದು ನಿಮಿಷ ಬಿಟ್ಟುಬಿಡು ಎಂದರೆ ಹೇಗೆ ಬಿಟ್ಟೀತು? ಅದೇ ಕೈ ಅಲ್ಲವೇ ಅವಳನ್ನು ಅಲ್ಲಿಯವರೆಗೆ ತಂದದ್ದು? ಕ್ಲಾಸಿನ ಕಡೆ ಕಾಲಿಡಲಿಲ್ಲ.

ಸೋಮವಾರ ಮಧ್ಯಾಹ್ನ ಎರಡಕ್ಕೆ ಆರೂ ಜನ ಬಂದರು, ಕೊನೆಯ ದಿನವೆಂದೇ ಬಂದಿದ್ದರು. ಸಾವಿತ್ರೆವ್ವ ಕಾಗದದ ಪುಡಿಕೆಯಲ್ಲಿ ನನಗೆ ಒಂದಿಷ್ಟು ಒಣದ್ರಾಕ್ಷಿ ತಂದಿದ್ದಳು. ಅದನ್ನು ಇಸಿದುಕೊಳ್ಳುವಾಗ ನನ್ನ ಕಣ್ಣಿಗೆ ನೀರು ಬಂತು.

"ನನ್ನ ಬಾಯಿ ಜಾಸ್ತಿ ಆತು ಸಾವಿತ್ರೆವ್ವಾರ. ತಪ್ಪಾತು," ಎಂದೆ.

"ಬಾಯಾರು ಬೈಲಿಲ್ಲಂದ್ರ ಅದೆಂಥಾ ಸಾಲಿ ಬಿಡ್ರಿ," ಎಂದಳು ಅವಳು, ನಗುತ್ತಾ.

ಅಬ್ಬಾ ಪೂರ್ತತಾ ಬರೆಯಲು ಕನ್ನಡಕ ಹಾಕಿಕೊಂಡು ಬುಕ್ಕು ತೆರೆದರು. ತೆರೆದವರು ಸುಮ್ಮನೆ ಅದನ್ನು ನನ್ನ ಕಡೆ ತಿರುಗಿಸಿದರು. ಭಾನುವಾರದ ತಾರೀಖು, ಕಲ್ಮೇಶನ ಅಕ್ಷರ. ನಾನು ಎಲ್ಲರಿಗೂ ಕೇಳುವಂತೆ ಓದಿದೆ:

"ಪುಟ ಹದಿನಾಲ್ಕರ ನನ್ನ ಶೇರಾ ರದ್ದು. ಗ್ಯಾರೇಜು ದಂಡ ಅಲ್ಲ. ಹೀಗೂ ಆಡಬಹುದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಬ್ಯಾಚಿನ ಬಗ್ಗೆ ಬರೆದದ್ದೂ ರದ್ದು. ಶನಿವಾರ ನಾನು ಸೋತಿದ್ದೆ, ಆದರೆ ಸೋತೆ ಅಂತ ಬರೆಯಲು ಆಟ ಮುಗಿದಿಲ್ಲ. ಬ್ಯಾಚ್ ಬಂದ್ ಆದರೆ ಸಾವಿತ್ರೆವ್ವ ಕಾಕು ಬರುವುದಿಲ್ಲ, ಆಟ ಎಂದೂ ಮುಗಿಯುವುದಿಲ್ಲ. ಆದ್ದರಿಂದ ಬ್ಯಾಚ್ ನಡೆಯಬೇಕು."

ಕೆಳಗೆ ಅವೇ ಹನ್ನೊಂದು ಸಹಿ. ಸಾಜಿದ ತನ್ನ ಸಹಿಯ ಮುಂದೆ, "ಆಕಾಶ ಇನ್ನೂ ಕಪ್ಪ ಐತಿ" ಎಂದು ಸೇರಿಸಿದ್ದ. ಕಲ್ಮೇಶ ಬಾಗಿಲ ಹೊರಗೆ ಮೆಟ್ಟಿಲ ಮೇಲೆಯೇ ಕೂತಿದ್ದ, ಒಳಗೆ ಬರಲು ಧೈರ್ಯವಿಲ್ಲದೆ. ನಾನು ಹೋಗಿ ಅವನಿಗೂ ಬೈದೆ, ಈ ಸಲ ಖುಷಿಗೆ. ಅಬ್ಬಾ ದುಂಡಗೆ ಬರೆದರು: "ಬ್ಯಾಚ್ ಮುಂದುವರಿಸಲಾಗುವುದು. ಪ್ರತಿ ಶನಿವಾರ ಬ್ಯಾಚಿನವರಿಗೂ ಆಟಗಾರರಿಗೂ ಆಟ. ಪೂರ್ತತಾ ಮಾಡಲಾಗಿದೆ."

ಮುಂದಿನ ಶನಿವಾರ ಸಾವಿತ್ರೆವ್ವ ಸೋತಳು. ಕಲ್ಮೇಶ ಈ ಸಲ ಒಂದಲ್ಲ, ಎರಡು ಗ್ಯಾರೇಜು ಕಟ್ಟಿಬಿಟ್ಟಿದ್ದ! ಐವತ್ತು ನಿಮಿಷದಲ್ಲಿ ಅವಳ ತಾಯಿ ಒಡೆಯಿತು. ಹುಡುಗರು ಕುಣಿದರು, ಅವಳೂ ನಕ್ಕಳು.

"ಮುಗೀತಲ್ರಿ? ಈಗ ನಾ ಶೇರಾ ಬರಿಬಹುದಲ್ಲ?" ಎಂದು ಅಬ್ಬಾನನ್ನು ಕೇಳಿದಳು. ಅಬ್ಬಾ ಎರಡೂ ಕೈಯಲ್ಲಿ ಬುಕ್ಕು ಎತ್ತಿ ಕೊಟ್ಟರು. ಅವಳು ಪೆನ್ನು ಮುಟ್ಟಲಿಲ್ಲ. "ಹೊಡದ ಹಚ್ಚತೀನ್ರಿ," ಎಂದು ಕಂಪ್ಯೂಟರಿನ ಮುಂದೆಯೇ ಕೂತಳು.

ಒಂದೊಂದೇ ಅಕ್ಷರ. ಮೂರೂಕಾಲು ಆಯಿತು, ಮೂರೂವರೆ ಆಯಿತು. ಯಾರೂ ಮನೆಗೆ ಹೋಗಲಿಲ್ಲ. ಪರದೆಯ ಮೇಲೆ ನಾಲ್ಕು ಸಾಲು ಬಂದವು:

"ಆಟ ಚಲೋ ಐತಿ.
ಎರಡನೇ ಗ್ಯಾರೇಜ ಕಟ್ಟೂದು ಹೊಳಿಲಿಲ್ಲ.
ಮುಂದಿನ ಶನಿವಾರ ಕಟ್ಟತೀನಿ.
ಆಡಿದವರು: ಸಾವಿತ್ರೆವ್ವ ಮಲಕಾಜಪ್ಪ, ಮುಕಾದಮ."

ಮೂರು ಐವತ್ತಾರು. "ಆತಲ್ರಿ, ಪ್ರಿಂಟ ಕೊಡ್ಲ್ಯಾ?" ಎಂದೆ. ಪ್ರಿಂಟರಿಗೆ ಯು.ಪಿ.ಎಸ್. ಕೂಡ ಇರಲಿಲ್ಲ.

ಅವಳು ಪರದೆಗೆ ಮುಖ ಹತ್ತಿರ ತಂದಳು. "ತಡೀರಿ. ಇನ್ನೂ ಎರಡು ಕೆಟ್ಟಾವ."

ಕಲ್ಮೇಶ ತಲೆಯ ಮೇಲೆ ಕೈ ಹೊತ್ತ. ಎಲ್ಲರೂ ನನ್ನನ್ನು ನೋಡಿದರು, ಈಗ ಇವಳು ಕೂಗುತ್ತಾಳೆ ಎಂದು. ನಾನು ಒಂದು ಹಿಡಿ ಒಣದ್ರಾಕ್ಷಿ ಬಾಯಿಗೆ ಹಾಕಿಕೊಂಡು ಹಲ್ಲು ಕಚ್ಚಿ ಕೂತೆ. ಅವಳು ಒಂದು ಅಕ್ಷರ ಅಳಿಸಿದಳು, ಸರಿಯಾಗಿ ಹೊಡೆದಳು. ಇನ್ನೊಂದು ಅಳಿಸಿದಳು, ಹೊಡೆದಳು. ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು.

"ಹೂಂ. ಈಗ ಕೊಡ್ರಿ."

ಪ್ರಿಂಟರು ಕಿರ್ರೋ ಎಂದು ಅರಚಿತು. ಒಂದು ಸಾಲು, ಎರಡು, ಮೂರು. ನಾಲ್ಕನೆಯದು ಹೊಡೆದು ಮುಗಿಯಿತು, ಫ್ಯಾನು ನಿಂತಿತು. ಕಾಗದ ಅರ್ಧ ಒಳಗೇ ಇತ್ತು. ಅಮಜದ ಪಕ್ಕದ ತಿರುಪನ್ನು ಕೈಯಿಂದ ಮೆಲ್ಲಗೆ ತಿರುವಿ ಹೊರಗೆ ತೆಗೆದ. ಹೆಸರು ಪೂರಾ ಬಂದಿತ್ತು. ಸಾವಿತ್ರೆವ್ವ ಅದನ್ನು ಬುಕ್ಕಿಗೆ ಹಚ್ಚಲು ಬಿಡಲಿಲ್ಲ. ಮಾಲಕರಿಗೆ ತೋರಿಸಬೇಕೆಂದು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿಟ್ಟುಕೊಂಡು ಹೋದಳು. ಬುಕ್ಕಿಗೆ ಹಚ್ಚಿದ್ದು ಸೋಮವಾರ ತೆಗೆದ ಎರಡನೇ ಪ್ರತಿ.

ಏಪ್ರಿಲ್ ಕೊನೆಗೆ ಶೆಡ್ಡಿನಿಂದ ಅಬ್ಬಾನ ಹೆಸರಿಗೆ ಒಣದ್ರಾಕ್ಷಿಯ ಒಂದು ಡಬ್ಬಿ ಬಂತು. ಮೇಲೆ ಟೈಪು ಮಾಡಿದ ಚೀಟಿ. ಬೆಳೆದವರು ಇಂಥವರು, ತೂಗಿದವರು ಇಂಥವರು. ಕೊನೆಗೆ, ಆರಿಸಿದವರು: ಸಾವಿತ್ರೆವ್ವ, ಚಂದ್ರಾಬಾಯಿ, ಚನ್ನವ್ವ, ಹೀಗೆ ಆರು ಹೆಸರು, ಒಂದರ ಕೆಳಗೊಂದು, ಎಲ್ಲ ನೇರ. ಅಬ್ಬಾ ಆ ಚೀಟಿಯನ್ನು ಎರಡು ಸಲ ಓದಿ, ತಟ್ಟೆಗೆ ದ್ರಾಕ್ಷಿ ಸುರಿದು, ಶೇರಾ ಬರೆಯಬೇಕೆಂದು ಪೆನ್ನು ತೆಗೆದರು. ಒಂದಾದರೂ ಕೆಟ್ಟದ್ದು ಹುಡುಕಿ ಶನಿವಾರ ಸಾವಿತ್ರೆವ್ವನನ್ನು ಕಾಡಿಸಬೇಕೆಂದು ನಾನು ಡಬ್ಬಿಯ ತಳದವರೆಗೂ ಕೈಯಾಡಿಸಿದೆ. ಅರ್ಧ ತಾಸು ಹುಡುಕಿದೆ. ಒಂದೂ ಸಿಗಲಿಲ್ಲ, ನನಗೆ ಸಿಟ್ಟೇ ಬಂತು.